ಮುಂದಿನ ಶನಿವಾರದ ಎದುರಾಳಿಯನ್ನು ಓದುವ ಬಗೆ

ಅಮೆರಿಕದ ದೊಡ್ಡ ವಿಶ್ವವಿದ್ಯಾಲಯವೊಂದಕ್ಕೆ ಆಗಸ್ಟ್‌ನಲ್ಲಿ ಓದಲು ಹೋದ ಕನ್ನಡದ ಹುಡುಗ ಅಥವಾ ಹುಡುಗಿಗೆ ಸೆಪ್ಟೆಂಬರ್ ಬರುತ್ತಿದ್ದಂತೆ ಊರೇ ಬೇರೆಯಾದಂತೆ ಕಾಣುತ್ತದೆ. ಶನಿವಾರ ಕಾಲೇಜು ಫುಟ್‌ಬಾಲ್ ಪಂದ್ಯ ನಡೆಯುವ ಕ್ರೀಡಾಂಗಣದ ಸುತ್ತಲಿನ ರಸ್ತೆಗಳಲ್ಲಿ ವಾಹನ ಬಿಡುವುದಿಲ್ಲ, ಬೆಳಗಿನಿಂದಲೇ ಜನರೆಲ್ಲ ಒಂದೇ ಬಣ್ಣದ ಅಂಗಿ ತೊಟ್ಟು ಓಡಾಡುತ್ತಾರೆ. ಭಾನುವಾರ ಸಂಜೆಯಿಂದ ಮಾತೆಲ್ಲ ಒಂದೇ ಪ್ರಶ್ನೆಯ ಸುತ್ತ: ಮುಂದಿನ ವಾರ ಎದುರಾಳಿ ಯಾರು, ಅವರು ಹೇಗೆ ಆಡುತ್ತಾರೆ? ಇದಕ್ಕೆ ಉತ್ತರವಾಗಿ ಬರುವ ಮುನ್ನೋಟ ಬರಹಗಳನ್ನು ತೆರೆದರೆ, ಅಂಕಿಗಳ ಮತ್ತು ಪಾರಿಭಾಷಿಕ ಪದಗಳ ಮಧ್ಯೆ ಹೊಸಬರು ದಾರಿ ತಪ್ಪುತ್ತಾರೆ. ಆ ಬರಹಗಳು ನಿಜವಾಗಿ ಏನನ್ನು ಹುಡುಕುತ್ತಿರುತ್ತವೆ ಎಂಬುದನ್ನು ಒಂದೇ ಪಂದ್ಯವನ್ನು ಹಿಡಿದು ಇಲ್ಲಿ ವಿವರಿಸುತ್ತೇನೆ. ಅದು 2024ರ ನವೆಂಬರ್ 23ರಂದು ನ್ಯೂಯಾರ್ಕ್‌ನ ಯಾಂಕೀ ಸ್ಟೇಡಿಯಂನಲ್ಲಿ ಇಂಡಿಯಾನಾದ ನೋಟರ್ ಡೇಮ್ ವಿಶ್ವವಿದ್ಯಾಲಯ ಮತ್ತು ವೆಸ್ಟ್ ಪಾಯಿಂಟ್‌ನ ಸೇನಾ ಅಕಾಡೆಮಿಯ ತಂಡವಾದ ಆರ್ಮಿ ನಡುವೆ ನಡೆದ ಪಂದ್ಯ.

ಮೊದಲು ಆಟ ತಿಳಿಯಬೇಕಾದಷ್ಟು

ಇಲ್ಲಿ ಫುಟ್‌ಬಾಲ್ ಎಂದರೆ ಅಂಡಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಆಡುವ ಅಮೆರಿಕನ್ ಫುಟ್‌ಬಾಲ್. ಮೈದಾನದ ಉದ್ದ 100 ಯಾರ್ಡ್, ಒಂದೊಂದು ಕಡೆಗೆ 11 ಜನ. ಚೆಂಡು ಹೊಂದಿರುವ ತಂಡಕ್ಕೆ ನಾಲ್ಕು ಪ್ರಯತ್ನಗಳು. ಒಂದೊಂದನ್ನೂ ಡೌನ್ ಎನ್ನುತ್ತಾರೆ. ಈ ನಾಲ್ಕರೊಳಗೆ 10 ಯಾರ್ಡ್ ಮುಂದೆ ಸಾಗಿದರೆ ಮತ್ತೆ ಹೊಸದಾಗಿ ನಾಲ್ಕು ಪ್ರಯತ್ನ ಸಿಗುತ್ತವೆ, ಸಾಗದಿದ್ದರೆ ಚೆಂಡು ಎದುರಾಳಿಯ ಪಾಲು. ಕೊನೆಯ ಗೆರೆ ದಾಟಿಸಿದರೆ ಟಚ್‌ಡೌನ್, ಅದಕ್ಕೆ 6 ಅಂಕ. ಅದರ ಬೆನ್ನಿಗೆ ಚೆಂಡನ್ನು ಕಂಬಗಳ ನಡುವೆ ಒದ್ದರೆ ಇನ್ನೊಂದು. ಟಚ್‌ಡೌನ್ ಆಗದೆ ದೂರದಿಂದಲೇ ಕಂಬಗಳ ನಡುವೆ ಒದ್ದರೆ 3. ಆಟದ ಅವಧಿ 15 ನಿಮಿಷಗಳ ನಾಲ್ಕು ಭಾಗ.

ಮುನ್ನೋಟಗಳು ಹುಟ್ಟಲು ಆಟದ ಒಂದು ಗುಣವೇ ಕಾರಣ. ಪ್ರತಿ ಪ್ರಯತ್ನದ ಬಳಿಕ ಆಟ ನಿಲ್ಲುತ್ತದೆ, ಕಬಡ್ಡಿಯಲ್ಲಿ ಒಂದು ರೈಡ್ ಮುಗಿದು ಇನ್ನೊಂದು ಆರಂಭವಾಗುವಂತೆ. ನಿಂತಾಗಲೆಲ್ಲ ಎರಡೂ ಕಡೆಯವರು ಹೊಸ ವ್ಯೂಹ ಆರಿಸಿಕೊಳ್ಳುತ್ತಾರೆ. ಪಂದ್ಯವೊಂದರಲ್ಲಿ ಇಂಥ ನೂರಕ್ಕೂ ಹೆಚ್ಚು ಆಯ್ಕೆಗಳು ನಡೆಯುತ್ತವೆ. ಎದುರಾಳಿ ಯಾವ ಸಂದರ್ಭದಲ್ಲಿ ಯಾವುದನ್ನು ಆರಿಸುತ್ತಾನೆ ಎಂಬುದನ್ನು ಮೊದಲೇ ಅಂದಾಜಿಸಬಲ್ಲವರಿಗೆ ದೊಡ್ಡ ಅನುಕೂಲ. ಅದರ ಜೊತೆಗೆ, ಪಂದ್ಯ ವಾರಕ್ಕೊಂದೇ, ನಿಗದಿತ ಋತುವಿನಲ್ಲಿ ಹನ್ನೆರಡೇ. ಸರಣಿಯಲ್ಲಿ ಸೋತು ಮುಂದೆ ಸರಿಮಾಡಿಕೊಳ್ಳುವ ಅವಕಾಶ ಇಲ್ಲಿ ಇಲ್ಲ.

ಎದುರಾಳಿಯನ್ನು ಅರಿಯದಿದ್ದರೆ ಏನಾಗುತ್ತದೆ ಎಂಬುದಕ್ಕೆ ಇದೇ ಎರಡು ತಂಡಗಳ ಮೊದಲ ಭೇಟಿಯೇ ಸಾಕ್ಷಿ. 1913ರ ನವೆಂಬರ್ 1ರಂದು ಇಂಡಿಯಾನಾದ ಸಣ್ಣ ಕ್ಯಾಥೊಲಿಕ್ ಕಾಲೇಜಾಗಿದ್ದ ನೋಟರ್ ಡೇಮ್, ವೆಸ್ಟ್ ಪಾಯಿಂಟ್‌ನ ಸೇನಾ ಅಕಾಡೆಮಿಗೆ ಹೋಗಿ ಆಡಿತು. ಚೆಂಡನ್ನು ಮುಂದಕ್ಕೆ ಎಸೆಯಲು ನಿಯಮ ಒಪ್ಪಿಗೆ ಕೊಟ್ಟು ಆಗಲೇ ಏಳು ವರ್ಷವಾಗಿದ್ದರೂ ಅದನ್ನು ಮುಖ್ಯ ಅಸ್ತ್ರವಾಗಿ ಬಳಸುವವರು ಕಡಿಮೆಯಿದ್ದರು. ಗಸ್ ಡೊರೇಸ್ ಎಸೆಯುತ್ತ ಹೋದರು, ನ್ಯೂಟ್ ರಾಕ್ನಿ ಮತ್ತಿತರರು ಹಿಡಿಯುತ್ತ ಹೋದರು. ಓಟವನ್ನು ತಡೆಯಲು ಒತ್ತೊತ್ತಾಗಿ ನಿಂತಿದ್ದ ಆರ್ಮಿ 35–13ರಿಂದ ಸೋತಿತು.

ಆರ್ಮಿ ಯಾಕೆ ಬೇರೆ ಬಗೆಯ ಎದುರಾಳಿ

ನೂರಹನ್ನೊಂದು ವರ್ಷಗಳ ಬಳಿಕ ಪಾತ್ರಗಳು ಅದಲುಬದಲಾಗಿದ್ದವು. ಈಗ ಎಲ್ಲರೂ ಎಸೆಯುವ ಕಾಲ. ವಿಚಿತ್ರವಾಗಿ ಆಡುವವರು ಆರ್ಮಿಯವರು. ಅವರು ಚೆಂಡನ್ನು ಎಸೆಯುವುದೇ ಅಪರೂಪ. 2024ರಲ್ಲಿ ಅವರು ಓಟದಿಂದಲೇ ಪಂದ್ಯವೊಂದಕ್ಕೆ ಸರಾಸರಿ 300 ಯಾರ್ಡ್‌ಗೂ ಹೆಚ್ಚು ಗಳಿಸಿ ದೇಶದಲ್ಲೇ ಮುಂದಿದ್ದರು. ನವೆಂಬರ್ 23ರ ಹೊತ್ತಿಗೆ ಆಡಿದ ಒಂಬತ್ತೂ ಪಂದ್ಯ ಗೆದ್ದಿದ್ದರು.

ಇದು ಹುಚ್ಚಾಟವಲ್ಲ, ಅವರ ಪರಿಸ್ಥಿತಿಯಿಂದ ಹುಟ್ಟಿದ ಬುದ್ಧಿವಂತಿಕೆ. ವೆಸ್ಟ್ ಪಾಯಿಂಟ್‌ನ ಆಟಗಾರ ಮೊದಲು ಕೆಡೆಟ್, ಆಮೇಲೆ ಆಟಗಾರ. ಪದವಿಯ ನಂತರ ಕನಿಷ್ಠ ಐದು ವರ್ಷ ಸೇನೆಯಲ್ಲಿ ಸೇವೆ ಸಲ್ಲಿಸಬೇಕು. ಪದವಿ ಮುಗಿಯುವಷ್ಟರೊಳಗೆ ಸೇನೆಯ ತೂಕದ ಮಿತಿಗೂ ಬರಬೇಕು. ಬೇರೆ ದೊಡ್ಡ ತಂಡಗಳ ಮುಂಚೂಣಿಯಲ್ಲಿ 140 ಕೆ.ಜಿ. ತೂಗುವವರು ಸಾಮಾನ್ಯ, ಇಲ್ಲಿ ಅಂಥವರನ್ನು ಸಾಲಾಗಿ ನಿಲ್ಲಿಸುವುದು ಕಷ್ಟ. ವೃತ್ತಿಪರ ಲೀಗ್‌ಗೆ ಹೋಗುವ ಕನಸಿನ ಅತ್ಯುತ್ತಮ ಎಸೆತಗಾರರೂ ಸೇನಾ ಅಕಾಡೆಮಿಯನ್ನು ಹೆಚ್ಚಾಗಿ ಆರಿಸಿಕೊಳ್ಳುವುದಿಲ್ಲ. ಆದ್ದರಿಂದ ಆರ್ಮಿ, ನೇವಿ, ಏರ್ ಫೋರ್ಸ್ ಮೂರೂ ಅಕಾಡೆಮಿಗಳು ದೈತ್ಯರನ್ನು ಎದುರುಬದುರು ತಳ್ಳದೆ ಗೆಲ್ಲುವ ವಿಧಾನವೊಂದನ್ನು ಕಾಪಾಡಿಕೊಂಡು ಬಂದಿವೆ. ಅದರ ಹೆಸರು ಟ್ರಿಪಲ್ ಆಪ್ಷನ್.

ಮೂರು ಬಾಗಿಲುಗಳ ಆಟ

ಟ್ರಿಪಲ್ ಆಪ್ಷನ್ ಎಂದರೆ ಒಂದೇ ಓಟದಲ್ಲಿ ಮೂರು ದಾರಿ. ತಂಡದ ಸೂತ್ರಧಾರನಾದ ಕ್ವಾರ್ಟರ್‌ಬ್ಯಾಕ್ ಚೆಂಡು ಪಡೆದು ತಿರುಗುತ್ತಾನೆ. ಅವನ ಹಿಂದೆಯೇ ನಿಂತ ಬಲಿಷ್ಠ ಓಟಗಾರ ಮಧ್ಯಕ್ಕೆ ನುಗ್ಗಿಬರುತ್ತಾನೆ. ಕ್ವಾರ್ಟರ್‌ಬ್ಯಾಕ್ ಚೆಂಡನ್ನು ಆ ಓಟಗಾರನ ಹೊಟ್ಟೆಗೆ ಒತ್ತುತ್ತಾನೆ, ಆದರೆ ತಕ್ಷಣ ಬಿಡುವುದಿಲ್ಲ. ಅವನ ಕಣ್ಣು ಎದುರಾಳಿಯ ಮುಂಚೂಣಿಯ ಒಬ್ಬನ ಮೇಲಿರುತ್ತದೆ. ಆ ಒಬ್ಬನನ್ನು ಉದ್ದೇಶಪೂರ್ವಕವಾಗಿಯೇ ಯಾರೂ ತಡೆದಿರುವುದಿಲ್ಲ. ಅವನು ಹೊರಗೇ ನಿಂತರೆ ಚೆಂಡು ಮಧ್ಯದ ಓಟಗಾರನಿಗೆ: ಮೊದಲ ಬಾಗಿಲು. ಅವನು ಓಟಗಾರನ ಮೇಲೆ ಬಿದ್ದರೆ ಕ್ವಾರ್ಟರ್‌ಬ್ಯಾಕ್ ಚೆಂಡನ್ನು ಹಿಂದಕ್ಕೆಳೆದುಕೊಂಡು ತಾನೇ ಹೊರಬದಿಗೆ ಓಡುತ್ತಾನೆ: ಎರಡನೆಯ ಬಾಗಿಲು. ಅಲ್ಲಿ ತಡೆಯದೆ ಬಿಟ್ಟ ಇನ್ನೊಬ್ಬ ರಕ್ಷಕ ಕಾದಿರುತ್ತಾನೆ. ಅವನು ಕ್ವಾರ್ಟರ್‌ಬ್ಯಾಕ್ ಮೇಲೆ ಬಂದರೆ, ಪಕ್ಕದಲ್ಲೇ ಓಡಿಬರುತ್ತಿರುವ ಮೂರನೆಯವನಿಗೆ ಚೆಂಡು ತೇಲಿಹೋಗುತ್ತದೆ.

ಕಬಡ್ಡಿಯ ಒಳ್ಳೆಯ ರೈಡರ್ ನೆನಪಾಗಬೇಕು. ಮೂಲೆಯವನು ಕಾಲಿಗೆ ಕೈಹಾಕಿದರೆ ಒಂದು ಬಗೆ, ಹಿಂದೆ ಸರಿದರೆ ಇನ್ನೊಂದು. ರೈಡರ್ ಮೊದಲೇ ತೀರ್ಮಾನಿಸಿ ಬಂದಿರುವುದಿಲ್ಲ, ರಕ್ಷಕನ ನಡೆಯೇ ಅವನ ನಿರ್ಧಾರ. ಇಲ್ಲೂ ಅಷ್ಟೇ. ರಕ್ಷಕ ಏನು ಮಾಡಿದರೂ ತಪ್ಪಾಗುವಂತೆ ಹೆಣೆದ ಬಲೆ ಇದು. ಇಬ್ಬರು ರಕ್ಷಕರನ್ನು ತಡೆಯುವ ಕೆಲಸ ತಪ್ಪಿದ್ದರಿಂದ ಆ ಕೈಗಳೆಲ್ಲ ಉಳಿದವರನ್ನು ತಡೆಯಲು ಸಿಗುತ್ತವೆ. ಹಗುರ ಮೈಯವರು ಭಾರಿ ಮೈಯವರನ್ನು ಎದುರಿಸುವ ಗುಟ್ಟು ಇದರಲ್ಲಿದೆ.

ಇದನ್ನು ತಡೆಯಲು ಪ್ರತಿಭೆಗಿಂತ ಶಿಸ್ತು ಹೆಚ್ಚು ಬೇಕು. ಒಬ್ಬನಿಗೆ ಮಧ್ಯದ ಓಟಗಾರ, ಒಬ್ಬನಿಗೆ ಕ್ವಾರ್ಟರ್‌ಬ್ಯಾಕ್, ಒಬ್ಬನಿಗೆ ಹೊರಗಿನವನು ಎಂದು ಹಂಚಿಕೊಟ್ಟ ಮೇಲೆ, ಚೆಂಡು ಎಲ್ಲೇ ಇರಲಿ, ಅವರವರ ಪಾಲಿನವನನ್ನು ಬಿಡುವಂತಿಲ್ಲ. ಇಡೀ ಋತು ಚೆಂಡಿನ ಹಿಂದೆ ಓಡಲು ಕಲಿತವನಿಗೆ ಈ ವಾರ ಮಾತ್ರ ಚೆಂಡನ್ನು ಮರೆತು ನಿಲ್ಲು ಎಂದರೆ ಅದು ಕಷ್ಟದ ಮಾತು. ಮೂವತ್ತು ಬಾರಿ ಸರಿಯಾಗಿ ನಿಂತು ಮೂವತ್ತೊಂದನೆಯ ಬಾರಿ ಇಣುಕಿ ನೋಡಿದರೆ ಎದುರಾಳಿ 60 ಯಾರ್ಡ್ ಓಡಿರುತ್ತಾನೆ.

ಜೊತೆಗೆ ಗಡಿಯಾರವಿದೆ. ಓಟದ ಬಳಿಕ ಆಟ ನಿಂತರೂ ಸಾಮಾನ್ಯವಾಗಿ ಗಡಿಯಾರ ನಿಲ್ಲುವುದಿಲ್ಲ. ಮೂರು ಯಾರ್ಡ್, ನಾಲ್ಕು ಯಾರ್ಡ್ ಎಂದು ತೆವಳುತ್ತ, ನಾಲ್ಕನೆಯ ಡೌನ್‌ನಲ್ಲೂ ಬೇರೆಯವರಂತೆ ಚೆಂಡನ್ನು ದೂರಕ್ಕೆ ಒದ್ದು ಎದುರಾಳಿಗೆ ಬಿಟ್ಟುಕೊಡದೆ ಮತ್ತೆ ನುಗ್ಗುವ ತಂಡ ಎದುರಾಳಿಗೆ ಆಡುವ ಸಮಯವನ್ನೇ ಉಳಿಸುವುದಿಲ್ಲ. 2018ರಲ್ಲಿ ಓಕ್ಲಹೋಮಾ ವಿರುದ್ಧ 60 ನಿಮಿಷಗಳಲ್ಲಿ 44 ನಿಮಿಷಕ್ಕೂ ಹೆಚ್ಚು ಕಾಲ ಚೆಂಡು ಆರ್ಮಿಯ ಬಳಿ ಇತ್ತು. ಆ ವರ್ಷದ ಶ್ರೇಷ್ಠ ಆಟಗಾರನಿಗೆ ಸಲ್ಲುವ ಹೈಸ್‌ಮನ್ ಪ್ರಶಸ್ತಿ ಪಡೆಯಲಿದ್ದ ಕೈಲರ್ ಮರ್ರಿ ಓಕ್ಲಹೋಮಾದಲ್ಲಿದ್ದರು. ಆದರೂ ಅವರ ತಂಡ ಗೆಲ್ಲಲು ಹೆಚ್ಚುವರಿ ಅವಧಿಯವರೆಗೆ ಕಾಯಬೇಕಾಯಿತು: 28–21.

ಹೆಸರು ಅದೇ, ತಂಡ ಅದೇ ಅಲ್ಲ

ಮುನ್ನೋಟ ಬರೆಯುವವರು ಮೊದಲು ಬೀಳುವ ಹಳ್ಳ ಹಳೆಯ ನೆನಪು. ಕಾಲೇಜು ಆಟಗಾರ ನಾಲ್ಕೈದು ವರ್ಷಗಳಲ್ಲಿ ಹೊರಟುಹೋಗುತ್ತಾನೆ. 2018ರಿಂದ ಟ್ರಾನ್ಸ್‌ಫರ್ ಪೋರ್ಟಲ್ ಎಂಬ ವ್ಯವಸ್ಥೆಯ ಮೂಲಕ ವಿಶ್ವವಿದ್ಯಾಲಯ ಬದಲಿಸುವುದೂ ಸುಲಭವಾಗಿದೆ. ಕಳೆದ ವರ್ಷ ಕಂಡ ಎದುರಾಳಿಯಲ್ಲಿ ಈ ವರ್ಷ ಅರ್ಧ ಮುಖಗಳು ಹೊಸವಾಗಿರಬಹುದು. ಹಾಗಾಗಿ ಬರಹಗಾರರು ಮೊದಲು ನೋಡುವುದು ಡೆಪ್ತ್ ಚಾರ್ಟ್: ಪ್ರತಿ ಸ್ಥಾನಕ್ಕೆ ಯಾರು ಮೊದಲ ಆಯ್ಕೆ, ಅವನು ಗಾಯಗೊಂಡರೆ ಯಾರು ಎಂಬ ಪಟ್ಟಿ.

ಆರ್ಮಿಯ ವಿಷಯದಲ್ಲಿ ಆಟದ ರೀತಿಯೂ ಅತ್ತಿತ್ತ ಹೊರಳಿತ್ತು. ಸೊಂಟದ ಕೆಳಗೆ ಅಡ್ಡಬಿದ್ದು ಎದುರಾಳಿಯನ್ನು ತಡೆಯುವುದನ್ನು 2022ರಲ್ಲಿ ನಿಯಮ ಬಹಳಷ್ಟು ಮಟ್ಟಿಗೆ ನಿರ್ಬಂಧಿಸಿತು. ಆಪ್ಷನ್ ತಂಡಗಳಿಗೆ ಅದು ಮುಖ್ಯ ಉಪಕರಣವಾಗಿತ್ತು. 2023ರಲ್ಲಿ ಆರ್ಮಿ ಎಲ್ಲರಂತೆ ಆಡಲು ಯತ್ನಿಸಿತು, 2024ರಲ್ಲಿ ಮತ್ತೆ ಹಳೆಯ ಜಾಡಿಗೆ ಮರಳಿತು. ಆದರೆ ಮರಳಿದ ಆಟದಲ್ಲಿ ಒಂದು ವ್ಯತ್ಯಾಸವಿತ್ತು. ಕ್ವಾರ್ಟರ್‌ಬ್ಯಾಕ್ ಬ್ರೈಸನ್ ಡೇಲಿ ಸುಮಾರು 100 ಕೆ.ಜಿ. ತೂಗುವ ಗಟ್ಟಿ ಮನುಷ್ಯ. ಚೆಂಡನ್ನು ಮೂರನೆಯವನಿಗೆ ಚಿಮ್ಮಿಸುವುದಕ್ಕಿಂತ ಅವರೇ ಹೊತ್ತು ನುಗ್ಗುವುದು ಹೆಚ್ಚಾಗಿತ್ತು. ಋತು ಮುಗಿಯುವಾಗ ಓಟದಿಂದಲೇ 32 ಟಚ್‌ಡೌನ್ ಗಳಿಸಿದ್ದರು. ಅವರ ಮುಂದೆ ನಿಂತು ದಾರಿ ಮಾಡಿಕೊಡುತ್ತಿದ್ದ ಆರ್ಮಿಯ ಮುಂಚೂಣಿ ಆ ವರ್ಷ ದೇಶದ ಅತ್ಯುತ್ತಮ ಮುಂಚೂಣಿಗೆ ಕೊಡುವ ಜೋ ಮೂರ್ ಪ್ರಶಸ್ತಿ ಪಡೆಯಿತು. ಇವೆರಡನ್ನೂ ಗಮನಿಸದೆ, ಹತ್ತು ವರ್ಷದ ಹಿಂದಿನ ಟ್ರಿಪಲ್ ಆಪ್ಷನ್ ವಿವರಣೆಯನ್ನೇ ಮತ್ತೆ ಕೊಟ್ಟ ಮುನ್ನೋಟ ಅರ್ಧ ಮಾತ್ರ ನಿಜ.

ಒಂದು ವಾರದಲ್ಲಿ ತಯಾರಿ ಹೇಗೆ

ಕಾಲೇಜು ಕ್ರೀಡೆಯನ್ನು ನಡೆಸುವ ಎನ್‌ಸಿಎಎ ನಿಯಮದ ಪ್ರಕಾರ, ಋತುವಿನಲ್ಲಿ ಆಟಗಾರರಿಂದ ಕಡ್ಡಾಯವಾಗಿ ಪಡೆಯಬಹುದಾದ ಸಮಯ ವಾರಕ್ಕೆ 20 ಗಂಟೆ. ಅವರು ವಿದ್ಯಾರ್ಥಿಗಳೂ ಹೌದಲ್ಲವೇ. ಸಾಮಾನ್ಯವಾಗಿ ವಾರದ ಮೊದಲಿಗೆ ಎದುರಾಳಿಯ ವಿಡಿಯೊ ವೀಕ್ಷಣೆ, ಮಂಗಳವಾರ ಬುಧವಾರ ಕಠಿಣ ಅಭ್ಯಾಸ, ಗುರುವಾರ ಹಗುರ, ಶುಕ್ರವಾರ ನಡೆದಾಡುತ್ತ ಒಂದು ಮೆಲುಕು. ಮೈಯೊಡ್ಡಿ ಕಲಿಯಲು ಸಿಗುವುದು ನಿಜಕ್ಕೂ ಎರಡೇ ದಿನ.

ಆ ಎರಡು ದಿನ ಎದುರಾಳಿಯ ವೇಷ ಹಾಕುವ ಗುಂಪೊಂದಿರುತ್ತದೆ, ಸ್ಕೌಟ್ ತಂಡ. ಶನಿವಾರ ಮೈದಾನಕ್ಕಿಳಿಯುವ ಅವಕಾಶ ಕಡಿಮೆ ಇರುವ ಹುಡುಗರು ಎದುರಾಳಿಯ ಆಟವನ್ನು ಅನುಕರಿಸುತ್ತಾರೆ, ಮುಖ್ಯ ತಂಡ ಅವರ ವಿರುದ್ಧ ಅಭ್ಯಾಸ ಮಾಡುತ್ತದೆ. ಎಡಗೈ ವೇಗಿಯನ್ನು ಎದುರಿಸುವ ಮುನ್ನ ನೆಟ್ಸ್‌ಗೆ ಎಡಗೈ ಬೌಲರ್‌ಗಳನ್ನು ಕರೆಸುವಂತೆ ಇದು. ಎಲ್ಲರಂತೆ ಆಡುವ ಎದುರಾಳಿಯಾದರೆ ಅನುಕರಣೆ ಸುಲಭ. ಆಪ್ಷನ್ ಹಾಗಲ್ಲ. ಕ್ಷಣಾರ್ಧದಲ್ಲಿ ರಕ್ಷಕನನ್ನು ಓದಿ ಚೆಂಡು ಕೊಡಬೇಕೋ ಬಿಡಬೇಕೋ ಎಂದು ತೀರ್ಮಾನಿಸುವುದನ್ನು ಆರ್ಮಿಯ ಕ್ವಾರ್ಟರ್‌ಬ್ಯಾಕ್ ವರ್ಷಗಟ್ಟಲೆ ರೂಢಿಸಿಕೊಂಡಿರುತ್ತಾನೆ. ಸ್ಕೌಟ್ ತಂಡದ ಹುಡುಗ ಸೋಮವಾರವಷ್ಟೇ ಕಲಿತಿರುತ್ತಾನೆ. ಅಭ್ಯಾಸದಲ್ಲಿ ಕಂಡ ವೇಗ ಒಂದು, ಶನಿವಾರ ಎದುರಾಗುವ ವೇಗವೇ ಇನ್ನೊಂದು. ಹೀಗಾಗಿ ಕೆಲವು ತರಬೇತುದಾರರು ಚೆಂಡೇ ಇಲ್ಲದೆ ಅಭ್ಯಾಸ ಮಾಡಿಸುತ್ತಾರೆ. ಹಿಂಬಾಲಿಸಲು ಚೆಂಡಿಲ್ಲದಾಗ ರಕ್ಷಕ ತನ್ನ ಪಾಲಿನವನನ್ನು ಹಿಡಿಯುವುದನ್ನು ಮಾತ್ರ ಕಲಿಯುತ್ತಾನೆ.

ನೋಟರ್ ಡೇಮ್ ಬಗ್ಗೆ ಬರೆಯುವವರು ಆ ವಾರ ಹಿಡಿಯಬೇಕಾಗಿದ್ದ ಮುಖ್ಯ ಎಳೆ ಇದೇ. ಅಕ್ಟೋಬರ್ 26ರಂದು, ಸರಿಯಾಗಿ ನಾಲ್ಕು ವಾರ ಮೊದಲು, ಅವರು ಅಜೇಯವಾಗಿದ್ದ ನೇವಿಯನ್ನು ಎದುರಿಸಿ 51–14ರಿಂದ ಗೆದ್ದಿದ್ದರು. ಹೆಚ್ಚುಕಡಿಮೆ ಅದೇ ಕುಲದ ಆಟಕ್ಕೆ ಅವರ ರಕ್ಷಕರು ಆಗಷ್ಟೇ ಒಮ್ಮೆ ತಯಾರಾಗಿದ್ದರು. ಬೇರೆ ತಂಡಗಳಿಗೆ ಒಂದು ವಾರದಲ್ಲಿ ಕಲಿಯಬೇಕಾದ ಪಾಠ ಇವರಿಗೆ ಪುನರಾವರ್ತನೆಯಾಗಿತ್ತು.

ಅಂಕಿಗಳ ಹಿಂದೆ ಯಾರಿದ್ದಾರೆ

ಆರ್ಮಿಯದು ಒಂಬತ್ತಕ್ಕೆ ಒಂಬತ್ತು ಗೆಲುವು ಎಂದರೆ ದೊಡ್ಡ ಮಾತೇ. ಆದರೆ ಆ ಒಂಬತ್ತು ತಂಡಗಳಲ್ಲಿ ಒಂದೂ, ಕ್ರೀಡಾ ವರದಿಗಾರರು 1936ರಿಂದ ಮತ ಹಾಕಿ ರೂಪಿಸುತ್ತ ಬಂದಿರುವ ಎಪಿ ಸುದ್ದಿಸಂಸ್ಥೆಯ ಶ್ರೇಯಾಂಕ ಪಟ್ಟಿಯಲ್ಲಿ ಸ್ಥಾನ ಪಡೆದಿರಲಿಲ್ಲ. ಈ ಪಟ್ಟಿಯಲ್ಲಿ 25 ತಂಡಗಳಿಗೆ ಜಾಗ. ಮೇಲ್ದರ್ಜೆಯಲ್ಲೇ 130ಕ್ಕೂ ಹೆಚ್ಚು ತಂಡಗಳಿದ್ದು ಒಂದೊಂದಕ್ಕೆ ಹನ್ನೆರಡೇ ಪಂದ್ಯವಾದ್ದರಿಂದ, ಯಾರು ಯಾರನ್ನು ಎದುರಿಸಿದರು ಎಂಬುದನ್ನು ನೋಡದೆ ಸೋಲು ಗೆಲುವನ್ನು ಹೋಲಿಸುವಂತಿಲ್ಲ. ತಾಲ್ಲೂಕು ಲೀಗ್‌ನಲ್ಲಿ ಹೊಡೆದ ಶತಕವನ್ನೂ ರಣಜಿಯ ಅರ್ಧಶತಕವನ್ನೂ ಒಂದೇ ತಕ್ಕಡಿಯಲ್ಲಿ ಇಡುವವರುಂಟೇ?

ಎರಡನೆಯದು, ಪಂದ್ಯಕ್ಕೆ ಎಷ್ಟು ಯಾರ್ಡ್ ಎನ್ನುವುದಕ್ಕಿಂತ ಒಂದು ಪ್ರಯತ್ನಕ್ಕೆ ಎಷ್ಟು ಎಂಬ ಲೆಕ್ಕ ಹೆಚ್ಚು ಹೇಳುತ್ತದೆ. ನಿಧಾನವಾಗಿ ಆಡುವ ತಂಡದ ರಕ್ಷಣೆ ಕಾಗದದ ಮೇಲೆ ಅದ್ಭುತವಾಗಿ ಕಾಣಬಹುದು, ಏಕೆಂದರೆ ಎದುರಾಳಿಗೆ ಚೆಂಡು ಸಿಕ್ಕಿದ್ದೇ ಕಡಿಮೆ. ಆರ್ಮಿಯ ರಕ್ಷಣೆಯ ಅಂಕಿಗಳನ್ನು ಓದುವಾಗ ಈ ಎಚ್ಚರ ಬೇಕೇ ಬೇಕು.

ಚೆಂಡು ಕಳೆದುಕೊಳ್ಳುವ ಲೆಕ್ಕವೂ ಮುನ್ನೋಟಗಳಲ್ಲಿ ತಪ್ಪದೆ ಬರುತ್ತದೆ. ಕೈಜಾರಿದ ಚೆಂಡು, ಎದುರಾಳಿ ನಡುವೆ ಹಿಡಿದ ಎಸೆತ, ಇವುಗಳ ಕೂಡುಕಳೆ. ಪಂದ್ಯದ ಫಲಿತಾಂಶವನ್ನು ಇದು ಬಲವಾಗಿ ತೂಗಿಸುತ್ತದೆ, ಆದರೆ ಮುಂದಿನ ವಾರಕ್ಕೆ ಮುನ್ಸೂಚನೆಯಾಗಿ ದುರ್ಬಲ. ಅಂಡಾಕಾರದ ಚೆಂಡು ನೆಲಕ್ಕೆ ಬಿದ್ದು ಯಾವ ಕಡೆ ಪುಟಿಯುತ್ತದೆ ಎನ್ನುವುದು ಯಾರ ಅಭ್ಯಾಸಕ್ಕೂ ದಕ್ಕುವುದಿಲ್ಲ.

ಕದ್ದು ನೋಡುವುದು, ಕಂಡು ತಿಳಿಯುವುದು

ಎದುರಾಳಿಯ ಹಿಂದಿನ ಪಂದ್ಯಗಳ ವಿಡಿಯೊ ಎಲ್ಲ ತಂಡಗಳಿಗೂ ಸಿಗುತ್ತದೆ. ಆದರೆ ಮುಂದೆ ಎದುರಾಗಲಿರುವ ತಂಡದ ಪಂದ್ಯಕ್ಕೆ ತಮ್ಮವರನ್ನು ಖುದ್ದಾಗಿ ಕಳುಹಿಸಿ ಅಧ್ಯಯನ ಮಾಡುವುದನ್ನು 1994ರಿಂದ ನಿಷೇಧಿಸಲಾಗಿದೆ. ಪ್ರಯಾಣದ ವೆಚ್ಚ ಭರಿಸಲಾಗದ ಸಣ್ಣ ತಂಡಗಳಿಗೆ ಅನ್ಯಾಯವಾಗಬಾರದೆಂಬುದು ಉದ್ದೇಶ. 2023ರಲ್ಲಿ ಮಿಶಿಗನ್ ತಂಡದ ಸಿಬ್ಬಂದಿಯೊಬ್ಬರು ಈ ನಿಯಮ ಮುರಿದು ಎದುರಾಳಿಗಳ ಸಂಜ್ಞೆಗಳನ್ನು ಸಂಗ್ರಹಿಸುವ ಏರ್ಪಾಟು ಮಾಡಿದ್ದರೆಂಬ ಪ್ರಕರಣ ದೇಶದಾದ್ಯಂತ ಸುದ್ದಿಯಾಯಿತು. ಮುಖ್ಯ ತರಬೇತುದಾರ ಜಿಮ್ ಹಾರ್ಬಾ ನಿಗದಿತ ಋತುವಿನ ಕೊನೆಯ ಮೂರು ಪಂದ್ಯಗಳಿಂದ ಹೊರಗುಳಿಯಬೇಕಾಯಿತು. ಆಗಿನವರೆಗೆ ತಂಡಗಳು ಅಂಚಿನಲ್ಲಿ ನಿಂತು ಕೈಸನ್ನೆ, ಚಿತ್ರಫಲಕಗಳ ಮೂಲಕ ಆಯ್ಕೆಗಳನ್ನು ಒಳಗೆ ತಲುಪಿಸುತ್ತಿದ್ದವು. 2024ರಿಂದ ಮೇಲ್ದರ್ಜೆಯ ತಂಡಗಳಿಗೆ ಹೆಲ್ಮೆಟ್‌ನೊಳಗಿನ ರೇಡಿಯೊ ಬಳಸಲು ಒಪ್ಪಿಗೆ ಸಿಕ್ಕಿದೆ.

ಅಂತರದ ಸಂಖ್ಯೆ ಏನು ಹೇಳುತ್ತದೆ

ಹೆಚ್ಚಿನ ಮುನ್ನೋಟಗಳಲ್ಲಿ ಪಂದ್ಯದ ಹೆಸರಿನ ಪಕ್ಕ ಒಂದು ಸಂಖ್ಯೆ ಇರುತ್ತದೆ. ಬಲಿಷ್ಠ ತಂಡ ಎಷ್ಟು ಅಂಕಗಳ ಅಂತರದಿಂದ ಗೆಲ್ಲಬಹುದೆಂದು ಬಾಜಿ ಮಾರುಕಟ್ಟೆ ಕಟ್ಟಿದ ಅಂದಾಜು ಅದು. ಬಾಜಿಯ ಗೋಜಿಗೆ ಹೋಗದವರಿಗೂ ಎರಡು ತಂಡಗಳ ನಡುವಿನ ದೂರವನ್ನು ಅಳೆಯಲು ಅದು ನೆರವಾಗುತ್ತದೆ. ಆರ್ಮಿ ವಿರುದ್ಧ ನೋಟರ್ ಡೇಮ್ ಸುಮಾರು ಎರಡು ಟಚ್‌ಡೌನ್‌ಗಳಷ್ಟು ಮುಂದೆ ಎಂದು ಅಂದಾಜಾಗಿತ್ತು.

ಅಂದಾಜು ಎಷ್ಟು ಪೊಳ್ಳಾಗಬಹುದು ಎಂಬುದನ್ನು ನೋಟರ್ ಡೇಮ್ ಅದೇ ವರ್ಷ ಅನುಭವಿಸಿತ್ತು. ಸೆಪ್ಟೆಂಬರ್ 7ರಂದು ಅದು ಶ್ರೇಯಾಂಕದಲ್ಲಿ 5ನೆಯದು, ಎದುರಾಳಿ ನಾರ್ದರ್ನ್ ಇಲಿನಾಯ್, ಅಂತರದ ಅಂದಾಜು ಸುಮಾರು 28. ತನ್ನದೇ ಅಂಗಳದಲ್ಲಿ 16–14ರಿಂದ ಸೋತಿತು. 2007ರ ಸೆಪ್ಟೆಂಬರ್ 1ರಂದು ಮಿಶಿಗನ್ ಕೂಡ 5ನೆಯ ಶ್ರೇಯಾಂಕದಲ್ಲಿದ್ದಾಗ, ಕೆಳದರ್ಜೆಯ ಅಪಲಾಚಿಯನ್ ಸ್ಟೇಟ್ ತಂಡದೆದುರು 34–32ರಿಂದ ಸೋತು ಲಕ್ಷಕ್ಕೂ ಮಿಕ್ಕಿದ ಪ್ರೇಕ್ಷಕರು ದಿಗ್ಭ್ರಾಂತರಾದರು.

ಮೈದಾನದಲ್ಲಿ ನಡೆದದ್ದು

ಯಾಂಕೀ ಸ್ಟೇಡಿಯಂನ ಪಂದ್ಯ 49–14ರಿಂದ ನೋಟರ್ ಡೇಮ್ ಪಾಲಾಯಿತು. ಈ ಬಾರಿ ಎಲ್ಲ ಸುಳಿವುಗಳೂ ಒಂದೇ ದಿಕ್ಕಿಗೆ ಬೆರಳು ತೋರಿಸಿದ್ದವು: ನಾಲ್ಕು ವಾರದ ಹಿಂದಿನ ನೇವಿ ಪಾಠ, ಆರ್ಮಿ ಅದುವರೆಗೆ ಎದುರಿಸದಿದ್ದ ಮಟ್ಟದ ಬಲ, ಹಿಂದೆ ಬಿದ್ದರೆ ಬೇಗ ಬೇಗ ಅಂಕ ಗಳಿಸಲಾಗದ ಓಟದ ಆಟ. ಕೊನೆಯದನ್ನು ವಿಶೇಷವಾಗಿ ಗಮನಿಸಬೇಕು. ಗಡಿಯಾರ ತಿನ್ನುವ ತಂಡ ಮುಂದಿರುವಾಗ ಆ ಗಡಿಯಾರ ಅದರ ಗೆಳೆಯ, ಮೂರು ಟಚ್‌ಡೌನ್ ಹಿಂದೆ ಬಿದ್ದಾಗ ಅದರ ವೈರಿ. ನೋಟರ್ ಡೇಮ್ ಮುಂದೆ 2025ರ ಜನವರಿಯಲ್ಲಿ ರಾಷ್ಟ್ರೀಯ ಅಂತಿಮ ಪಂದ್ಯದವರೆಗೂ ಹೋಯಿತು.

ಆರ್ಮಿ ಡಿಸೆಂಬರ್ 14ರಂದು ನೇವಿಯನ್ನು ಎದುರಿಸಿತು. 1890ರಲ್ಲಿ ಆರಂಭವಾದ ಈ ಪೈಪೋಟಿಯಲ್ಲಿ ಯಾರ ಆಟವೂ ಯಾರಿಗೂ ಅಪರಿಚಿತವಲ್ಲ. ಪ್ರತಿದಿನ ತಮ್ಮವರ ವಿರುದ್ಧವೇ ಆಪ್ಷನ್ ಅಭ್ಯಾಸ ಮಾಡುವ ರಕ್ಷಕರಿಗೆ ಅದರ ವಿಚಿತ್ರ ಏನೂ ಕಾಡುವುದಿಲ್ಲ. ವರ್ಷವಿಡೀ ಕೈಹಿಡಿದ ಅನುಕೂಲ ಆ ಒಂದು ದಿನ ಆರ್ಮಿಗೆ ಇರಲಿಲ್ಲ. ನೇವಿ 31–13ರಿಂದ ಗೆದ್ದಿತು. ಕ್ವಾರ್ಟರ್‌ಬ್ಯಾಕ್ ಬ್ಲೇಕ್ ಹೋರ್ವತ್ ಓಡಿಯೇ 204 ಯಾರ್ಡ್ ಗಳಿಸಿದರು. ನಾಲ್ಕನೆಯ ಡೌನ್‌ನಲ್ಲಿ ಚೆಂಡನ್ನು ಒದೆಯುವಂತೆ ನಟಿಸಿದ ನೇವಿ, ಅದನ್ನು ರಕ್ಷಣಾ ಪಡೆಯ ಮಧ್ಯದಲ್ಲಿ ನಿಲ್ಲುವ ಭಾರಿ ಮೈಯ ಲ್ಯಾಂಡನ್ ರಾಬಿನ್ಸನ್ ಕೈಗೆ ಕೊಟ್ಟಿತು. ಚೆಂಡು ಹೊತ್ತು ಓಡುವುದು ಅವರ ಸ್ಥಾನದವರ ಕೆಲಸವೇ ಅಲ್ಲ. ಅವರು 29 ಯಾರ್ಡ್ ಓಡಿದರು.